ಅಪ್ಪನ ಹೃದಯದ ಮಾತ್ರೆಗಳು: ಯಾವುದು ಏನು ಮಾಡುತ್ತೆ, ತೊಂದರೆ ಕೊಟ್ರೆ ಏನು ಮಾಡ್ಬೇಕು?

ಶ್ರೀನಗರದ ಮಗಳು · ಶನಿವಾರ ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಗೆ 68 ವರ್ಷ. ಕಳೆದ ದೀಪಾವಳಿ ಮುಗಿದ ಮೇಲೆ ಹಾರ್ಟ್ ಅಟ್ಯಾಕ್ ಆಗಿ ಒಂದು ಸ್ಟೆಂಟ್ ಹಾಕಿದ್ದಾರೆ. ಇನ್ನೂ ವರ್ಷ ತುಂಬಿಲ್ಲ. ದಿನಾ ತಗೊಳ್ಳೋದು ಎಕೋಸ್ಪ್ರಿನ್ 75, ಕ್ಲೋಪಿಡೋಗ್ರೆಲ್ 75, ಅಟೋರ್ವಾಸ್ಟಾಟಿನ್ 40, ಮೆಟೋಪ್ರೊಲಾಲ್ ಎಕ್ಸ್ಎಲ್ 25, ರಾಮಿಪ್ರಿಲ್ 2.5, ಜೊತೆಗೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ಪ್ಯಾಂಟೊಪ್ರಜೋಲ್. ಎದೆನೋವು ಬಂದ್ರೆ ಅಂತ ಜೇಬಲ್ಲಿ ಸಾರ್ಬಿಟ್ರೇಟ್ ಇರುತ್ತೆ, ಇಲ್ಲಿವರೆಗೂ ಬಳಸೋ ಸಂದರ್ಭ ಬಂದಿಲ್ಲ.

ಮಾತ್ರೆ ಡಬ್ಬಿ ಒರೆಸಿ ಇಡೋವಾಗ ನೋಡಿದ್ರೆ ಅಟೋರ್ವಾಸ್ಟಾಟಿನ್ (ಕೊಲೆಸ್ಟ್ರಾಲ್ ಮಾತ್ರೆ) ಮತ್ತು ರಾಮಿಪ್ರಿಲ್ ಸ್ಟ್ರಿಪ್‌ಗಳು ಮಾತ್ರ ಹಾಗೇ ಉಳಿದಿವೆ. ಮಿಕ್ಕಿದ್ದೆಲ್ಲಾ ಲೆಕ್ಕಕ್ಕೆ ಸರಿಯಾಗಿ ಖಾಲಿ ಆಗಿವೆ. ಕೇಳಿದ್ದಕ್ಕೆ "ಒಂದು ತಗೊಂಡ್ರೆ ರಾತ್ರಿಯೆಲ್ಲಾ ಕೆಮ್ಮು, ಇನ್ನೊಂದು ತಗೊಂಡ್ರೆ ತೊಡೆ ನೋವು, ಅದಕ್ಕೇ ಬಿಟ್ಟೆ" ಅಂದ್ರು. ಡಾಕ್ಟರಿಗೆ ಹೇಳಿದ್ರಾ ಅಂದ್ರೆ, "ಅಲ್ಲಿ ಅಷ್ಟು ಜನ ಕಾಯ್ತಿರ್ತಾರೆ, ಇದನ್ನೆಲ್ಲಾ ಏನು ಹೇಳೋದು" ಅಂತಾರೆ. ಪಾರ್ಕಲ್ಲಿ ಜೊತೆಗೆ ವಾಕ್ ಮಾಡೋ ಅಂಕಲ್ ಒಬ್ಬರು ಕೊಲೆಸ್ಟ್ರಾಲ್ ಮಾತ್ರೆ ಲಿವರ್ ಹಾಳು ಮಾಡುತ್ತೆ ಅಂತ ಬೇರೆ ತಲೇಲಿ ಕೂರಿಸಿದ್ದಾರೆ.

ಈ ಮಾತ್ರೆಗಳು ಒಳಗೆ ಏನು ಮಾಡುತ್ತವೆ ಅಂತ ಗೊತ್ತಾದ್ರೆ ಅಪ್ಪನ ಹತ್ರ ಕೂತು ಮಾತಾಡೋಕೆ ಅನುಕೂಲ. ತಿಳಿದವರು ದಯವಿಟ್ಟು ಬರೀರಿ. ಮುಂದಿನ ವಾರ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ತಿದ್ದೀನಿ.

ಹನುಮಂತನಗರ ಹಿರಿಯ · ಶನಿವಾರ ರಾತ್ರಿ 9:32

ಮಗೂ, ಮುಂದಿನ ವಾರದವರೆಗೂ ಕಾಯಬೇಡ. ಸೋಮವಾರವೇ ಆಸ್ಪತ್ರೆಗೆ ಫೋನ್ ಮಾಡಿ ಈ ಎರಡು ಮಾತ್ರೆ ನಿಂತಿರೋದನ್ನ ಹೇಳಿಬಿಡು. ನಾನೂ ಬೈಪಾಸ್ ಆದವನು. ಆ ಕೆಮ್ಮು ನನಗೂ ಬಂದಿತ್ತು, ಮಾತ್ರೆ ಬದಲಾಯಿಸಿದ ಮೇಲೆ ಹೋಯ್ತು. ರಕ್ತ ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳೋ ಎಕೋಸ್ಪ್ರಿನ್, ಕ್ಲೋಪಿಡೋಗ್ರೆಲ್ ತಪ್ಪದೆ ತಗೊಳ್ತಿದ್ದಾರಲ್ಲ, ಅದು ದೊಡ್ಡ ಸಮಾಧಾನ.

ಔಷಧಶಾಸ್ತ್ರ ಹೆಬ್ಬಾಳ · ಶನಿವಾರ ರಾತ್ರಿ 10:45

ಮೆಡಿಕಲ್ ಕಾಲೇಜಿನಲ್ಲಿ ಔಷಧಶಾಸ್ತ್ರ ಪಾಠ ಮಾಡುತ್ತೇನೆ. ನಿಮ್ಮ ತಂದೆಯ ಚಿಕಿತ್ಸೆಯನ್ನು ನಿರ್ಧರಿಸಬೇಕಾದವರು ಅವರನ್ನು ಪರೀಕ್ಷಿಸುವ ಡಾಕ್ಟರೇ. ಮಾತ್ರೆಗಳು ಹೇಗೆ ಕೆಲಸ ಮಾಡುತ್ತವೆ ಎಂಬುದನ್ನಷ್ಟೇ ಹೇಳುತ್ತೇನೆ. ಅವರು ಬಿಟ್ಟಿರುವ ಎರಡರಿಂದಲೇ ಶುರು ಮಾಡೋಣ.

ರಾಮಿಪ್ರಿಲ್ ಎಸಿಇ ತಡೆಗಳ ಗುಂಪಿಗೆ ಸೇರಿದ್ದು. ನಮ್ಮ ದೇಹದಲ್ಲಿ ಆಂಜಿಯೋಟೆನ್ಸಿನ್-2 ಎಂಬ ವಸ್ತು ರಕ್ತನಾಳಗಳನ್ನು ಬಿಗಿಯಾಗಿಸುತ್ತದೆ, ಉಪ್ಪು-ನೀರನ್ನು ಹಿಡಿದಿಡುತ್ತದೆ, ಪೆಟ್ಟು ತಿಂದ ಹೃದಯದ ಸ್ನಾಯು ನಿಧಾನವಾಗಿ ಹಿಗ್ಗಿ ಆಕಾರ ಕೆಡುವುದಕ್ಕೂ ಕಾರಣವಾಗುತ್ತದೆ. ಅದನ್ನು ತಯಾರಿಸುವ ಕಿಣ್ವವೇ ಎಸಿಇ. ರಾಮಿಪ್ರಿಲ್ ಆ ಕಿಣ್ವವನ್ನು ತಡೆಯುತ್ತದೆ. "ನನಗೆ ಬಿಪಿ ನಾರ್ಮಲ್ ಇದೆ, ಬಿಪಿ ಮಾತ್ರೆ ಯಾಕೆ" ಎಂದು ಹಾರ್ಟ್ ಅಟ್ಯಾಕ್ ಆದವರು ಕೇಳುವುದುಂಟು. ಅವರಿಗೆ ಇದನ್ನು ಕೊಡುವುದು ಬಿಪಿಗಿಂತ ಹೆಚ್ಚಾಗಿ ಹೃದಯ ಹಿಗ್ಗದಿರಲಿ ಎಂದು.

ಇನ್ನು ಕೆಮ್ಮು. ಇದೇ ಕಿಣ್ವಕ್ಕೆ ಬ್ರಾಡಿಕೈನಿನ್ ಎಂಬ ಇನ್ನೊಂದು ವಸ್ತುವನ್ನು ಒಡೆದುಹಾಕುವ ಕೆಲಸವೂ ಇದೆ. ಕಿಣ್ವವನ್ನು ತಡೆದಾಗ ಬ್ರಾಡಿಕೈನಿನ್ ಶ್ವಾಸನಾಳದಲ್ಲಿ ಉಳಿದು ಗಂಟಲು ಕೆರಳಿಸುತ್ತದೆ. ಕಫ ಇರುವುದಿಲ್ಲ, ಜ್ವರ ಇರುವುದಿಲ್ಲ, ಗಂಟಲಲ್ಲಿ ಕಚಗುಳಿ ಇಟ್ಟಂತೆ ಒಣಕೆಮ್ಮು. ಯಾವ ಸಿರಪ್ಪಿಗೂ ಜಗ್ಗುವುದಿಲ್ಲ. ಕೆಲವರಿಗೆ ಶುರು ಮಾಡಿದ ವಾರದಲ್ಲೇ ಬರುತ್ತದೆ, ಕೆಲವರಿಗೆ ತಿಂಗಳುಗಳಾದ ಮೇಲೆ. ಮಾತ್ರೆ ನಿಲ್ಲಿಸಿದರೆ ಸಾಮಾನ್ಯವಾಗಿ ಒಂದರಿಂದ ನಾಲ್ಕು ವಾರದಲ್ಲಿ ಹೋಗುತ್ತದೆ. ಏಷ್ಯಾದ ಜನರಲ್ಲಿ ಈ ಕೆಮ್ಮು ಯುರೋಪಿನವರಿಗಿಂತ ಹೆಚ್ಚು.

ನಿಮ್ಮ ತಂದೆ ತಿಳಿಯಬೇಕಾದ ವಿಷಯ ಇದು: ಇದಕ್ಕೆ ಬದಲಿ ಇದೆ. ಟೆಲ್ಮಿಸಾರ್ಟಾನ್, ಲೋಸಾರ್ಟಾನ್ ಮುಂತಾದವು ಆ ಕಿಣ್ವದ ತಂಟೆಗೆ ಹೋಗದೆ, ಆಂಜಿಯೋಟೆನ್ಸಿನ್ ಹೋಗಿ ಕೂರುವ ಜಾಗವನ್ನೇ ಮುಚ್ಚುತ್ತವೆ. ಬ್ರಾಡಿಕೈನಿನ್ ಎಂದಿನಂತೆ ಒಡೆಯುತ್ತಿರುತ್ತದೆ. 2008ರಲ್ಲಿ ಪ್ರಕಟವಾದ ಆನ್‌ಟಾರ್ಗೆಟ್ ಅಧ್ಯಯನದಲ್ಲಿ 25 ಸಾವಿರಕ್ಕೂ ಹೆಚ್ಚು ಜನರಲ್ಲಿ ರಾಮಿಪ್ರಿಲ್ ಮತ್ತು ಟೆಲ್ಮಿಸಾರ್ಟಾನ್ ಹೋಲಿಸಿ ನೋಡಿದರು. ಹೃದಯದ ರಕ್ಷಣೆಯಲ್ಲಿ ಟೆಲ್ಮಿಸಾರ್ಟಾನ್ ಹಿಂದೆ ಬೀಳಲಿಲ್ಲ. ಕೆಮ್ಮಿನ ಕಾರಣಕ್ಕೆ ಮಾತ್ರೆ ಬಿಟ್ಟವರು ರಾಮಿಪ್ರಿಲ್ ಗುಂಪಿನಲ್ಲಿ ನೂರಕ್ಕೆ ಸುಮಾರು 4 ಜನ, ಇನ್ನೊಂದರಲ್ಲಿ ಸುಮಾರು 1. ಎರಡನ್ನೂ ಒಟ್ಟಿಗೆ ಕೊಟ್ಟವರಿಗೆ ಲಾಭ ಹೆಚ್ಚಲಿಲ್ಲ, ತೊಂದರೆ ಮಾತ್ರ ಹೆಚ್ಚಾಯಿತು. ಹಾಗಾಗಿ ಮನೆಯಲ್ಲಿರುವ ಇನ್ಯಾರದೋ ಟೆಲ್ಮಿಸಾರ್ಟಾನ್ ತೆಗೆದು ಕೊಡುವುದು ಬೇಡ. ಬದಲಾವಣೆ ಚೀಟಿಯಲ್ಲೇ ಆಗಲಿ.

ತುಟಿ, ನಾಲಿಗೆ, ಮುಖ ಇದ್ದಕ್ಕಿದ್ದಂತೆ ಊದಿಕೊಂಡರೆ ಅದು ಬೇರೆಯೇ ವಿಷಯ. ಅಪರೂಪ, ಆದರೆ ಉಸಿರಾಟಕ್ಕೆ ಅಪಾಯ. ಆಗ ಫೋನು, ಅಪಾಯಿಂಟ್‌ಮೆಂಟು ಯಾವುದೂ ಬೇಡ, ನೇರ ಎಮರ್ಜೆನ್ಸಿಗೆ ಹೋಗಬೇಕು. ಅಂಥವರಿಗೆ ಈ ಗುಂಪಿನ ಮಾತ್ರೆ ಮತ್ತೆ ಕೊಡಬಾರದು.

ಅಂದ ಹಾಗೆ ಈ ಗುಂಪಿನ ಮೂಲ ಬ್ರೆಜಿಲ್‌ನ ಜರಾರಾಕ ಎಂಬ ಮಂಡಲದ ಜಾತಿಯ ಹಾವಿನ ವಿಷ. ಕಚ್ಚಿಸಿಕೊಂಡವರ ಬಿಪಿ ಯಾಕೆ ಕುಸಿಯುತ್ತದೆ ಎಂದು ಹುಡುಕುತ್ತಾ ಹೋಗಿ ಈ ಗುಂಪಿನ ಮೊದಲ ಮಾತ್ರೆ ಕ್ಯಾಪ್ಟೋಪ್ರಿಲ್ ಸಿಕ್ಕಿತು. 1981ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆಯಾಯಿತು. ಪ್ರತಿ ವರ್ಷ ಈ ಪಾಠ ಬಂದಾಗ ಕ್ಲಾಸಿನ ಹಿಂದಿನ ಬೆಂಚೂ ಕಿವಿಗೊಡುತ್ತದೆ.

ಸ್ಟಾಟಿನ್ ಬಗ್ಗೆ, ಅಂದರೆ ಅಟೋರ್ವಾಸ್ಟಾಟಿನ್ ಸೇರಿದ ಗುಂಪಿನ ಬಗ್ಗೆ, ನಾಳೆ ಬರೆಯುತ್ತೇನೆ, ಅದು ಉದ್ದದ ಮಾತು.

ಮೆಡಿಕಲ್ಸ್ ವಿಜಯನಗರ · ಭಾನುವಾರ ಬೆಳಿಗ್ಗೆ 7:50

ಮೇಡಂ, ನಂದು ಮೆಡಿಕಲ್ ಶಾಪ್. ಅಂಗಡಿ ಕಡೆಯಿಂದ ಕೆಲವು ಮಾತು.

ಅಪ್ಪನ ಮೆಟೋಪ್ರೊಲಾಲ್ ಎಕ್ಸ್ಎಲ್ ಅಂದ್ರಲ್ಲ, ಆ ಎಕ್ಸ್ಎಲ್ ಮಾತ್ರೆ ಇಡೀ ದಿನ ಸ್ವಲ್ಪ ಸ್ವಲ್ಪವಾಗಿ ಕರಗೋ ಹಾಗೆ ಮಾಡಿರ್ತಾರೆ. ಜಗಿಯೋದು, ಕುಟ್ಟಿ ನೀರಲ್ಲಿ ಕದಡಿ ಕುಡಿಸೋದು ಮಾಡ್ಬಾರ್ದು, ಇಡೀ ದಿನದ ಡೋಸು ಒಂದೇ ಸಲ ಒಳಗೆ ಹೋಗುತ್ತೆ. ನಡುವೆ ಗೆರೆ ಇದ್ದು ಡಾಕ್ಟರ್ ಅರ್ಧ ಅಂತ ಬರೆದಿದ್ರೆ ಮುರೀಬಹುದು, ಅಷ್ಟೇ.

ಎರಡನೇದು, ಗ್ಯಾಸ್ ಮಾತ್ರೆ. ಎಕೋಸ್ಪ್ರಿನ್, ಕ್ಲೋಪಿಡೋಗ್ರೆಲ್ ಎರಡೂ ಸೇರಿದ್ರೆ ಹೊಟ್ಟೇಲಿ ರಕ್ತಸ್ರಾವ ಆಗೋ ಸಾಧ್ಯತೆ ಹೆಚ್ಚು, ಅದಕ್ಕೇ ಪ್ಯಾಂಟೊಪ್ರಜೋಲ್ ಕೊಟ್ಟಿರೋದು. "ಗ್ಯಾಸ್ ಮಾತ್ರೆ ತಾನೇ, ಯಾವುದಾದ್ರೂ ಕೊಡಿ" ಅಂತ ಬರೋರು ತುಂಬಾ ಜನ. ಒಮೆಪ್ರಜೋಲ್, ಎಸೊಮೆಪ್ರಜೋಲ್ ಕೊಟ್ರೆ ಕ್ಲೋಪಿಡೋಗ್ರೆಲ್ ಕೆಲಸ ಕುಂದುತ್ತೆ. ಪ್ಯಾಂಟೊಪ್ರಜೋಲ್‌ನಲ್ಲಿ ಆ ತೊಂದರೆ ಕಡಿಮೆ. ಬದಲಿ ಕೇಳ್ಬೇಡಿ.

ಮೂರನೇದು, ಹತ್ತು ಮಾತ್ರೆ ಸ್ಟ್ರಿಪ್ಪಲ್ಲಿ ಆರು ಕತ್ತರಿಸಿ ತಗೊಂಡು ಹೋಗ್ತಾರೆ. ಎಕ್ಸ್‌ಪೈರಿ ಮತ್ತೆ ಬ್ಯಾಚ್ ನಂಬರ್ ಒಂದು ತುದೀಲಿ ಅಚ್ಚಾಗಿರುತ್ತೆ, ಅದು ನಮ್ಮ ಹತ್ರಾನೇ ಉಳಿದುಬಿಡುತ್ತೆ. ಹೆಸರು ಕೂಡ ಅರ್ಧಕ್ಕೆ ಕಟ್ಟಾಗುತ್ತೆ. ಮನೇಲಿ ಅಂಥ ತುಂಡುಗಳು ನಾಲ್ಕೈದು ಸೇರಿದ್ರೆ 'ಮೆಟ್' ಅಂತ ಶುರುವಾಗೋದು ಮೆಟೋಪ್ರೊಲಾಲೋ ಮೆಟ್‌ಫಾರ್ಮಿನ್ನೋ ಗೊತ್ತಾಗಲ್ಲ. ಒಂದು ಹೃದಯದ್ದು, ಇನ್ನೊಂದು ಶುಗರ್‌ದು. ದಿನಾ ತಗೊಳ್ಳೋ ಮಾತ್ರೆ ಪೂರ್ತಿ ಸ್ಟ್ರಿಪ್ಪೇ ತಗೊಳ್ಳಿ. ಕೊಲೆಸ್ಟ್ರಾಲ್ ಮಾತ್ರೆ ಬೆಲೆ ಭಾರ ಅನ್ಸಿದ್ರೆ ಜನೌಷಧಿ ಕೇಂದ್ರದಲ್ಲಿ ಅಟೋರ್ವಾಸ್ಟಾಟಿನ್, ಟೆಲ್ಮಿಸಾರ್ಟಾನ್ ಎಲ್ಲಾ ಬಹಳ ಕಡಿಮೆಗೆ ಸಿಗುತ್ತೆ. ನನ್ನ ಅಂಗಡಿಗೇ ಬನ್ನಿ ಅಂತ ಹೇಳಲ್ಲ, ಮಾತ್ರೆ ನಿಲ್ಲದೇ ಇದ್ರೆ ಸಾಕು.

ಲಾಲ್‌ಬಾಗ್ ವಾಕಿಂಗ್ · ಭಾನುವಾರ ಬೆಳಿಗ್ಗೆ 8:25

ನನ್ನ ಪ್ರಶ್ನೆಯೂ ಸೇರಿಸಲಾ? ನನಗೆ ಬಿಪಿಗೆ ಆಮ್ಲೋಡಿಪಿನ್ 5 ಇತ್ತು, ಎರಡು ತಿಂಗಳ ಹಿಂದೆ 10 ಮಾಡಿದ್ರು. ಸಂಜೆಯಾದ್ರೆ ಪಾದ ಊದಿ ಚಪ್ಪಲಿ ಪಟ್ಟಿ ಅಚ್ಚು ಬೀಳುತ್ತೆ. ಕಿಡ್ನಿ ಹೋಯ್ತು ಅಂತ ಹೆದರಿ ಟೆಸ್ಟ್ ಮಾಡಿಸಿದೆ, ಕ್ರಿಯಾಟಿನಿನ್ ಸರಿ ಇದೆ. ನಮ್ಮ ಬಾವ ನೀರು ಹೋಗೋ ಮಾತ್ರೆ ತಗೋ ಅಂತಿದ್ದಾರೆ.

ಔಷಧಶಾಸ್ತ್ರ ಹೆಬ್ಬಾಳ · ಭಾನುವಾರ ಬೆಳಿಗ್ಗೆ 11:20

ಲಾಲ್‌ಬಾಗ್ ಅವರೇ, ನೀವಾಗಿ ನೀರು ಹೋಗುವ ಮಾತ್ರೆ ತಗೊಳ್ಳಬೇಡಿ. ಆಮ್ಲೋಡಿಪಿನ್ ರಕ್ತನಾಳದ ಗೋಡೆಯ ಸ್ನಾಯುವಿನೊಳಗೆ ಕ್ಯಾಲ್ಸಿಯಂ ನುಗ್ಗುವುದನ್ನು ತಡೆದು ನಾಳವನ್ನು ಸಡಿಲಿಸುತ್ತದೆ. ಸಡಿಲವಾಗುವುದು ರಕ್ತ ತರುವ ಅಪಧಮನಿಗಳು. ವಾಪಸ್ ಒಯ್ಯುವ ಅಭಿಧಮನಿಗಳು ಅಷ್ಟಾಗಿ ಸಡಿಲವಾಗುವುದಿಲ್ಲ. ಅಗಲವಾದ ಫ್ಲೈಓವರ್ ಇಳಿದ ಗಾಡಿಗಳೆಲ್ಲ ಒಂದೇ ಅಡ್ಡರಸ್ತೆಗೆ ಬಂದು ನಿಂತ ಹಾಗೆ, ಸಣ್ಣ ನಾಳಗಳಲ್ಲಿ ಒತ್ತಡ ಹೆಚ್ಚಿ ನೀರಿನಂಶ ಸುತ್ತಲಿನ ಮಾಂಸಕ್ಕೆ ಇಳಿಯುತ್ತದೆ. ದೇಹದಲ್ಲಿ ಒಟ್ಟು ನೀರು ಜಾಸ್ತಿಯಾಗಿ ಆದ ಊತ ಇದಲ್ಲ. ಹಾಗಾಗಿ ನೀರು ಹೋಗುವ ಮಾತ್ರೆಗೆ ಇದು ಸರಿಯಾಗಿ ಇಳಿಯುವುದೂ ಇಲ್ಲ, ಮೇಲಾಗಿ ಸೋಡಿಯಂ-ಪೊಟ್ಯಾಸಿಯಂ ಏರುಪೇರಾಗುತ್ತದೆ. 5ರಿಂದ 10ಕ್ಕೆ ಹೋದಾಗ ಊತ ಕಾಣಿಸುವುದು ಸಾಮಾನ್ಯ. ಡಾಕ್ಟರ್ ಡೋಸು ಇಳಿಸಬಹುದು, ಟೆಲ್ಮಿಸಾರ್ಟಾನ್ ಜೊತೆ ಸೇರಿಸಬಹುದು, ಆಮ್ಲೋಡಿಪಿನ್ ಬಗೆಯದೇ ಆದ ಸಿಲ್ನಿಡಿಪಿನ್‌ಗೆ ಬದಲಾಯಿಸಬಹುದು. ಊತದ ಜೊತೆ ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತಿದ್ದರೆ, ರಾತ್ರಿ ಚಪ್ಪಟೆ ಮಲಗಲು ಆಗದಿದ್ದರೆ, ಒಂದೇ ಕಾಲು ಊದಿ ನೋಯುತ್ತಿದ್ದರೆ ಕಾರಣ ಬೇರೆಯೇ ಇರಬಹುದು. ಆಗ ತಡ ಮಾಡಬೇಡಿ.

ಈಗ ಸ್ಟಾಟಿನ್.

ಕೊಲೆಸ್ಟ್ರಾಲ್ ಬಹುಪಾಲು ಬರುವುದು ನಮ್ಮ ಲಿವರಿನಿಂದಲೇ, ತಟ್ಟೆಯಿಂದಲ್ಲ. ಲಿವರ್ ಅದನ್ನು ತಯಾರಿಸುವ ಹಾದಿಯಲ್ಲಿ ಒಂದು ಕಿಣ್ವವನ್ನು ಅಟೋರ್ವಾಸ್ಟಾಟಿನ್ ತಡೆಯುತ್ತದೆ. ತನ್ನ ದಾಸ್ತಾನು ಕಡಿಮೆಯಾದಾಗ ಲಿವರ್ ತನ್ನ ಮೇಲ್ಮೈಯಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ ಹಿಡಿಯುವ ಗ್ರಾಹಕಗಳನ್ನು ಹೆಚ್ಚು ಹೆಚ್ಚು ಇಟ್ಟುಕೊಂಡು ರಕ್ತದಿಂದ ಎಳೆದುಕೊಳ್ಳುತ್ತದೆ. ರಕ್ತದಲ್ಲಿ ಎಲ್‌ಡಿಎಲ್ ಇಳಿಯುವುದು ಹೀಗೆ. ಇದರ ಜೊತೆಗೆ, ರಕ್ತನಾಳದ ಗೋಡೆಯಲ್ಲಿ ಈಗಾಗಲೇ ಕೂತಿರುವ ಕೊಬ್ಬಿನ ಗಡ್ಡೆಯ ಮೇಲ್ಪದರ ಗಟ್ಟಿಯಾಗುತ್ತದೆ. ಹಾರ್ಟ್ ಅಟ್ಯಾಕ್ ಆಗುವುದು ಸಾಮಾನ್ಯವಾಗಿ ಆ ಪದರ ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿದಾಗ. ಸ್ಟೆಂಟ್ ಹಾಕಿದ್ದು ಒಂದು ಜಾಗಕ್ಕೆ. ಉಳಿದ ನಾಳಗಳನ್ನು ಕಾಯುತ್ತಿರುವುದು ಈ ಮಾತ್ರೆ. "ಸ್ಟೆಂಟ್ ಹಾಕಿದ ಮೇಲೆ ಬ್ಲಾಕ್ ಹೋಯ್ತಲ್ಲ" ಎನ್ನುವವರಿಗೆ ಇದನ್ನು ಬಿಡಿಸಿ ಹೇಳಬೇಕು.

ಸ್ನಾಯು ನೋವು ನಿಜವಾಗಿಯೂ ಆಗುತ್ತದೆ. ಸಾಮಾನ್ಯವಾಗಿ ಎರಡೂ ಕಡೆ, ತೊಡೆ, ಸೊಂಟ, ಮೀನಖಂಡ, ಭುಜದಂಥ ದೊಡ್ಡ ಸ್ನಾಯುಗಳಲ್ಲಿ, ಶುರು ಮಾಡಿದ ಅಥವಾ ಡೋಸು ಏರಿಸಿದ ಮೊದಲ ವಾರಗಳಲ್ಲಿ. ಒಂದೇ ಮಂಡಿ ನೋಯುತ್ತಿದ್ದರೆ ಮಾತ್ರೆಗಿಂತ ಮಂಡಿಯನ್ನೇ ಸಂಶಯಿಸಬೇಕು. ಥೈರಾಯ್ಡ್ ಕಡಿಮೆ ಇದ್ದವರಿಗೆ ಈ ನೋವು ಹೆಚ್ಚು, ಆದ್ದರಿಂದ ಟಿಎಸ್‌ಎಚ್ ನೋಡುತ್ತಾರೆ, ಸಿಕೆ ಎಂಬ ರಕ್ತಪರೀಕ್ಷೆಯನ್ನೂ ಮಾಡಿಸುತ್ತಾರೆ. ಸಿಕೆ ವಿಪರೀತ ಏರಿ, ಮೂತ್ರ ಕೋಲಾದ ಬಣ್ಣಕ್ಕೆ ತಿರುಗಿದರೆ ಸ್ನಾಯು ಕರಗುತ್ತಿದೆ ಎಂದರ್ಥ. ಬಹಳ ಅಪರೂಪ, ಆದರೆ ಆ ದಿನವೇ ಆಸ್ಪತ್ರೆಗೆ ಹೋಗಬೇಕು.

ಇನ್ನೊಂದು ಅಧ್ಯಯನದ ಬಗ್ಗೆ ಹೇಳಲೇಬೇಕು, ಮನಸ್ಸಿಗೆ ಬಹಳ ಹತ್ತಿರವಾದದ್ದು. ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು 2020ರಲ್ಲಿ ಸ್ಯಾಮ್ಸನ್ ಎಂಬ ಅಧ್ಯಯನ ಪ್ರಕಟಿಸಿದರು. ತೊಂದರೆ ಕೊಟ್ಟಿತು ಎಂದು ಸ್ಟಾಟಿನ್ ಬಿಟ್ಟಿದ್ದ 60 ಜನರಿಗೆ ತಿಂಗಳಿಗೊಂದರಂತೆ ಒಂದು ವರ್ಷಕ್ಕೆ 12 ಬಾಟಲಿ ಕೊಟ್ಟರು. ನಾಲ್ಕರಲ್ಲಿ ಅಟೋರ್ವಾಸ್ಟಾಟಿನ್ 20, ನಾಲ್ಕರಲ್ಲಿ ಔಷಧವಿಲ್ಲದ ಸುಳ್ಳು ಮಾತ್ರೆ, ನಾಲ್ಕು ಖಾಲಿ. ಸ್ಟಾಟಿನ್ ಯಾವುದು, ಸುಳ್ಳು ಮಾತ್ರೆ ಯಾವುದು ಎಂದು ಅವರಿಗೆ ತಿಳಿಯದು. ಪ್ರತಿದಿನ ತೊಂದರೆ ಎಷ್ಟಿದೆ ಎಂದು ನೂರಕ್ಕೆ ಅಂಕ ಹಾಕಬೇಕು. ಖಾಲಿ ಬಾಟಲಿಯ ತಿಂಗಳು ಸರಾಸರಿ 8, ಸ್ಟಾಟಿನ್ ತಿಂಗಳು 16.3, ಸುಳ್ಳು ಮಾತ್ರೆಯ ತಿಂಗಳು 15.4. ನೋವು ಸುಳ್ಳಲ್ಲ, ಅವರು ಅನುಭವಿಸಿದ್ದು ನಿಜ. ಆದರೆ ಅದರ ಬಹುಪಾಲು "ಮಾತ್ರೆ ತಗೊಂಡಿದ್ದೇನೆ" ಎಂಬ ಆತಂಕದಿಂದ ಬಂದದ್ದು. ತಮ್ಮದೇ ಅಂಕಗಳನ್ನು ನೋಡಿದ ಮೇಲೆ ಅರ್ಧದಷ್ಟು ಜನ ಮತ್ತೆ ಸ್ಟಾಟಿನ್ ಶುರು ಮಾಡಿದರು.

ಇದನ್ನು ಅಪ್ಪನಿಗೆ "ನಿಮ್ಮ ನೋವು ಬರೀ ಮನಸ್ಸಿನದು" ಎಂದು ಹೇಳಲು ದಯವಿಟ್ಟು ಬಳಸಬೇಡಿ. ಹಾಗೆಂದರೆ ಅವರು ಮುಂದೆ ಏನನ್ನೂ ಹೇಳುವುದಿಲ್ಲ. ಡಾಕ್ಟರ್ ಕೆಲವು ವಾರ ನಿಲ್ಲಿಸಿ ನೋಡಬಹುದು, ಕಡಿಮೆ ಡೋಸಿನಲ್ಲಿ ಮತ್ತೆ ಕೊಡಬಹುದು, ರೋಸುವಾಸ್ಟಾಟಿನ್‌ಗೆ ಬದಲಾಯಿಸಬಹುದು, ಜೊತೆಗೆ ಎಜೆಟಿಮೈಬ್ ಎಂಬ ಬೇರೆ ಬಗೆಯ ಕೊಲೆಸ್ಟ್ರಾಲ್ ಮಾತ್ರೆ ಸೇರಿಸಬಹುದು. ಹಾದಿಗಳು ಎಷ್ಟೋ ಇವೆ, ಆದರೆ ಹೇಳಿಕೊಂಡವರಿಗೆ ಮಾತ್ರ ಅವು ತೆರೆಯುತ್ತವೆ.

ಲಿವರ್ ಬಗ್ಗೆ: ಕೆಲವರಲ್ಲಿ ಲಿವರ್ ಟೆಸ್ಟಿನ ಎಸ್‌ಜಿಪಿಟಿ ಸ್ವಲ್ಪ ಏರಿ ತಾನಾಗಿ ಇಳಿಯುತ್ತದೆ. ಲಿವರ್ ಹಾಳಾಗುವುದು ತೀರಾ ಅಪರೂಪ. ಶುಗರ್ ಅಂಚಿನಲ್ಲಿರುವವರು ಸ್ಟಾಟಿನ್ ಕಾರಣಕ್ಕೆ ತುಸು ಮುಂಚೆ ಡಯಾಬಿಟಿಸ್‌ಗೆ ದಾಟಬಹುದು, ಇದು ನಿಜ. ಹಾರ್ಟ್ ಅಟ್ಯಾಕ್ ಆದವರಲ್ಲಿ ಲಾಭದ ತಕ್ಕಡಿ ಅದಕ್ಕಿಂತ ಬಹಳ ಭಾರ.

ಧಾರವಾಡ ಟು ಯಲಹಂಕ · ಭಾನುವಾರ ಮಧ್ಯಾಹ್ನ 2:05

ಸರ್ರ, ಭಾಳ ಚೊಲೋ ಬರದೀರಿ. ನಮ್ಮವ್ವಗ ಹೃದಯದ ಮೈಟ್ರಲ್ ವಾಲ್ವ್ ಬದಲಿ ಮಾಡ್ಯಾರ್ರಿ, ಲೋಹದ ವಾಲ್ವ್. ರಕ್ತ ಹೆಪ್ಪುಗಟ್ಟಬಾರ್ದಂತ ಅಸಿಟ್ರೋಮ್ ಮಾತ್ರಿ ನಡದೈತಿ. ಯಾವಾಗಲೂ ಐಎನ್‌ಆರ್ ಮೂರರ ಆಸುಪಾಸು ಇರ್ತಿತ್ತು (ರಕ್ತ ಹೆಪ್ಪುಗಟ್ಟಾಕ ಎಷ್ಟು ತಡ ಆಗ್ತೈತಿ ಅಂತ ತೋರ್ಸೋ ಅಳತಿ), ಮೊನ್ನೆ ಒಮ್ಮೆಲೇ ಐದರ ಮ್ಯಾಲ ಹೋತು. ಹಲ್ಲುಜ್ಜಿದ್ರ ವಸಡಿನಾಗ ರಕ್ತ. ನಮ್ಮ ಡಾಕ್ಟ್ರು ಮಾತ್ರಿ ನಿಲ್ಲಿಸಿ ಮತ್ತ ಟೆಸ್ಟ್ ಮಾಡಿಸಿ ಸರಿ ಮಾಡಿದ್ರು. ಅವ್ವ ಈಗ ಸೊಪ್ಪಿನ ಪಲ್ಯಾ ತಿಂದಿದ್ದಕ್ಕ ಹಿಂಗಾತು ಅಂತ ಸೊಪ್ಪು ಪೂರಾ ಬಿಟ್ಟಾಳ. ಖರೇ ಏನ್ರಿ? ಆ ವಾರ ಹಲ್ಲುನೋವಿಗೆ ಒಂದ್ ಕೋರ್ಸ್ ಮಾತ್ರಿ ತಗೊಂಡಿದ್ಲು, ಮೆಟ್ರೊನಿಡಜೋಲ್ ಅಂತ ಚೀಟ್ಯಾಗ ಐತಿ.

ಔಷಧಶಾಸ್ತ್ರ ಹೆಬ್ಬಾಳ · ಭಾನುವಾರ ಸಂಜೆ 4:40

ಸೊಪ್ಪಿನ ಮೇಲೆ ಅಪವಾದ ಬೇಡ. ಸೊಪ್ಪಿನಲ್ಲಿರುವ ವಿಟಮಿನ್ ಕೆ ಐಎನ್‌ಆರ್ ಅನ್ನು ಇಳಿಸುತ್ತದೆ, ಏರಿಸುವುದಿಲ್ಲ. ಅಸಿಟ್ರೋಮ್, ವಾರ್ಫರಿನ್ ಎರಡೂ ವಿಟಮಿನ್ ಕೆ ಮತ್ತೆ ಮತ್ತೆ ಬಳಕೆಗೆ ಬರುವುದನ್ನು ತಡೆದು, ಹೆಪ್ಪುಗಟ್ಟಿಸುವ ಅಂಶಗಳು ಲಿವರಿನಲ್ಲಿ ಪೂರ್ತಿ ತಯಾರಾಗದಂತೆ ಮಾಡುತ್ತವೆ. ಮೆಟ್ರೊನಿಡಜೋಲ್ ಈ ಮಾತ್ರೆಗಳನ್ನು ದೇಹ ಒಡೆದು ಹೊರಹಾಕುವುದನ್ನು ನಿಧಾನಗೊಳಿಸುತ್ತದೆ. ಡೋಸು ಅದೇ ಇದ್ದರೂ ರಕ್ತದಲ್ಲಿ ಮಟ್ಟ ಏರಿ ಐಎನ್‌ಆರ್ ಮೇಲೆ ಹೋಗುತ್ತದೆ. ನಿಮ್ಮ ತಾಯಿಯವರಲ್ಲಿ ಆಗಿರುವುದು ಬಹುತೇಕ ಇದೇ. ಡಾಕ್ಟರಿಗೆ ಆ ಚೀಟಿ ತೋರಿಸಿ.

ಅಪಾಯ ಈಗ ಉಲ್ಟಾ ದಿಕ್ಕಿನಲ್ಲಿದೆ. ಸೊಪ್ಪು ಪೂರ್ತಿ ಬಿಟ್ಟರೆ ಐಎನ್‌ಆರ್ ಇನ್ನೂ ಏರಬಹುದು. ಹೀಗೆ ಬಿಟ್ಟು ಡೋಸು ಹೊಂದಿಸಿದ ಮೇಲೆ ಹಬ್ಬಕ್ಕೆ ಊರಿಗೆ ಹೋಗಿ ಒಂದೇ ಸಲ ತಟ್ಟೆ ತುಂಬಾ ಪಾಲಕ್, ಮೆಂತ್ಯ, ನುಗ್ಗೆಸೊಪ್ಪು ತಿಂದರೆ ತಟ್ಟನೆ ಇಳಿಯುತ್ತದೆ, ವಾಲ್ವಿನ ಮೇಲೆ ಹೆಪ್ಪುಗಟ್ಟುವ ಭಯ. ವಾರವಾರವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಸೊಪ್ಪು ತಿನ್ನಲಿ. ನೋವಿನ ಮಾತ್ರೆ, ಆ್ಯಂಟಿಬಯಾಟಿಕ್, ಆಯುರ್ವೇದ, ಯಾವುದೇ ಹೊಸದು ಸೇರಿದರೂ ಕೆಲವೇ ದಿನಗಳಲ್ಲಿ ಐಎನ್‌ಆರ್ ನೋಡಿಸಿ. ಐಎನ್‌ಆರ್ ಟೆಸ್ಟ್ ಬೇಡದ ಹೊಸ ಮಾತ್ರೆಗಳ ಜಾಹೀರಾತು ನೋಡಿ ಮನಸ್ಸು ಹೋಗಬಹುದು, ಆದರೆ ಡಾಬಿಗಾಟ್ರಾನ್, ರಿವರೋಕ್ಸಬಾನ್ ಥರದವು ಲೋಹದ ವಾಲ್ವ್ ಇರುವವರಿಗೆ ಸಲ್ಲುವುದಿಲ್ಲ.

ಇದರ ಮೂಲವೂ ವಿಚಿತ್ರ. 1920ರ ದಶಕದಲ್ಲಿ ಉತ್ತರ ಅಮೆರಿಕದ ಬಯಲುಗಳಲ್ಲಿ, ಬೂಸಲು ಹಿಡಿದ ಸ್ವೀಟ್ ಕ್ಲೋವರ್ ಎಂಬ ಮೇವು ತಿಂದ ದನಗಳು ಕೊಂಬು ತೆಗೆದ ಸಣ್ಣ ಗಾಯಕ್ಕೂ ರಕ್ತ ನಿಲ್ಲದೆ ಸಾಯುತ್ತಿದ್ದವು. ಆ ಮೇವಿನ ಜಾಡು ಹಿಡಿದು ವಿಸ್ಕಾನ್ಸಿನ್‌ನಲ್ಲಿ ಕಾರ್ಲ್ ಪಾಲ್ ಲಿಂಕ್ ತಂಡ ಕೆಲಸ ಮಾಡಿತು. ವಾರ್ಫರಿನ್ ಮೊದಲು ಇಲಿಪಾಷಾಣವಾಗಿ ಬಂದು 1954ರಲ್ಲಿ ಮನುಷ್ಯರಿಗೆ ಔಷಧವಾಯಿತು.

ಜಯನಗರ 4ನೇ ಬ್ಲಾಕ್ · ಭಾನುವಾರ ಸಂಜೆ 5:30

ಇಷ್ಟೆಲ್ಲಾ ಅಡ್ಡಪರಿಣಾಮ ಓದಿದ್ರೆ ಭಯ ಆಗುತ್ತೆ. ನಮ್ಮ ಮನೇಲಿ ಅರ್ಜುನ ತೊಗಟೆ ಕಷಾಯ, ಬೆಳ್ಳುಳ್ಳಿ ನಂಬಿಕೊಂಡಿದ್ದೀವಿ. ಗಿಡಮೂಲಿಕೆ ಆದ್ರೆ ಸೈಡ್ ಎಫೆಕ್ಟ್ ಇರಲ್ಲ ಅಲ್ವಾ? ಸ್ಟೆಂಟ್ ಆದವರೂ ನಿಧಾನವಾಗಿ ಇದಕ್ಕೆ ಬರಬಹುದಲ್ವಾ?

ಔಷಧಶಾಸ್ತ್ರ ಹೆಬ್ಬಾಳ · ಭಾನುವಾರ ಸಂಜೆ 6:15

ನಿಮ್ಮ ಭಯ ಅರ್ಥವಾಗುತ್ತದೆ. ಆದರೆ ಸ್ಟೆಂಟ್ ಆದವರು ಎಕೋಸ್ಪ್ರಿನ್, ಕ್ಲೋಪಿಡೋಗ್ರೆಲ್ ಬಿಟ್ಟು ಕಷಾಯಕ್ಕೆ ಬರುವುದಕ್ಕೆ ಖಂಡಿತಾ ಬೇಡ ಎನ್ನುತ್ತೇನೆ. ಸ್ಟೆಂಟ್ ಲೋಹದ ಜಾಲರಿ. ಅದರ ಮೇಲೆ ನಾಳದ ಒಳಪದರ ಬೆಳೆದು ಮುಚ್ಚುವವರೆಗೂ ರಕ್ತಕ್ಕೆ ಅದು ಪರಕೀಯ ವಸ್ತು, ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್‌ಗಳು ಅಂಟಿಕೊಳ್ಳಲು ಕಾಯುತ್ತಿರುತ್ತವೆ. ಎಕೋಸ್ಪ್ರಿನ್ ಅಂದರೆ ಆಸ್ಪಿರಿನ್, ಪ್ಲೇಟ್‌ಲೆಟ್‌ನ ಒಂದು ಕಿಣ್ವವನ್ನು ಶಾಶ್ವತವಾಗಿ ಕೆಡಿಸುತ್ತದೆ. ಪ್ಲೇಟ್‌ಲೆಟ್‌ಗೆ ಹೊಸದು ತಯಾರಿಸುವ ಶಕ್ತಿ ಇಲ್ಲ, ಅದರ ಆಯಸ್ಸು ಸುಮಾರು 10 ದಿನ, ಅಲ್ಲಿವರೆಗೂ ಅದು ಮಂಕು. 75 ಮಿಲಿಗ್ರಾಂನಂಥ ಚಿಕ್ಕ ಡೋಸು ಸಾಕಾಗುವುದು ಅದಕ್ಕೇ. ಕ್ಲೋಪಿಡೋಗ್ರೆಲ್ ಬೇರೆ ಬಾಗಿಲು ಮುಚ್ಚುತ್ತದೆ. ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದವರಿಗೆ ಸಾಮಾನ್ಯವಾಗಿ ಒಂದು ವರ್ಷ ಎರಡೂ ಬೇಕು. ಹಲ್ಲು ಕೀಳಿಸಬೇಕು, ಕಣ್ಣಿನ ಪೊರೆ ತೆಗೆಸಬೇಕು ಎಂದಾಗಲೂ ಹೃದಯದ ಡಾಕ್ಟರನ್ನು ಕೇಳದೆ ಒಂದು ದಿನವೂ ನಿಲ್ಲಿಸುವಂತಿಲ್ಲ. ಮಲ ಟಾರಿನಂತೆ ಕಪ್ಪಾದರೆ, ರಕ್ತ ವಾಂತಿಯಾದರೆ ಮಾತ್ರ ತಕ್ಷಣ ಆಸ್ಪತ್ರೆಗೆ.

ಗಿಡದಿಂದ ಬಂದದ್ದಕ್ಕೆ ಅಡ್ಡಪರಿಣಾಮ ಇಲ್ಲ ಎನ್ನುವುದಕ್ಕೆ ಡಿಜಾಕ್ಸಿನ್ ಎಂಬ ಹೃದಯದ ಔಷಧವೇ ಉತ್ತರ. ಅದು ಫಾಕ್ಸ್‌ಗ್ಲೋವ್ ಎಂಬ ಹೂಗಿಡದ್ದು. ಇಂಗ್ಲೆಂಡಿನ ವಿಲಿಯಂ ವಿದರಿಂಗ್ 1785ರಲ್ಲೇ ಅದರ ಗುಣವನ್ನೂ ವಿಷವನ್ನೂ ಎರಡನ್ನೂ ಬರೆದಿಟ್ಟರು. ಸ್ವಲ್ಪ ಹೆಚ್ಚಾದರೆ ವಾಕರಿಕೆ, ಕಣ್ಣಿಗೆ ಎಲ್ಲವೂ ಹಳದಿಯಾಗಿ ಕಾಣುವುದು, ಬಡಿತ ತಪ್ಪುವುದು. ಕಷಾಯ ಕುಡಿಯುವವರನ್ನು ನಾನು ಬೈಯುವುದಿಲ್ಲ. ಕುಡಿಯುತ್ತಿದ್ದೀರಿ ಎಂಬುದನ್ನು ಡಾಕ್ಟರಿಗೆ ಹೇಳಿ, ಬೆಳ್ಳುಳ್ಳಿಯನ್ನು ಮಾತ್ರೆ ರೂಪದಲ್ಲಿ ಹೆಚ್ಚಾಗಿ ತಗೊಂಡರೆ ರಕ್ತಸ್ರಾವ ಹೆಚ್ಚಬಹುದು.

ಸಿಸ್ಟರ್ ಬನ್ನೇರುಘಟ್ಟ ರಸ್ತೆ · ಭಾನುವಾರ ರಾತ್ರಿ 8:55

ಡ್ಯೂಟಿ ಮುಗಿಸಿ ಬಂದು ಓದ್ತಿದ್ದೀನಿ. ಸಾರ್ಬಿಟ್ರೇಟ್ ಬಗ್ಗೆ ಯಾರೂ ಬರೆದಿಲ್ಲ, ಅದನ್ನ ನಾನು ಹೇಳ್ತೀನಿ. ಜೇಬಲ್ಲಿ ಇಟ್ಕೊಂಡು ಓಡಾಡ್ತಾರೆ, ಆದ್ರೆ ಹೇಗೆ ತಗೋಬೇಕು ಅಂತ ಗೊತ್ತಿರಲ್ಲ.

ಎದೆ ಹಿಡಿದ ಹಾಗಾದ್ರೆ ಮೊದಲು ಕೂತ್ಕೋಬೇಕು. ನಿಂತ್ಕೊಂಡು ತಗೊಂಡು ಬಿಪಿ ಇಳಿದು ಬಿದ್ದು ತಲೆ ಒಡ್ಕೊಂಡು ಬಂದೋರನ್ನ ನೋಡಿದ್ದೀನಿ. ಮಾತ್ರೆ ನಾಲಿಗೆ ಕೆಳಗೆ ಇಡ್ಬೇಕು, ನುಂಗಬಾರ್ದು. ನುಂಗಿದ್ರೆ ಲಿವರ್ ದಾಟಿ ಬರೋಷ್ಟರಲ್ಲಿ ಬಹುಪಾಲು ಕರಗಿಹೋಗುತ್ತೆ, ತಡ ಬೇರೆ. ಬಾಯಿ ಒಣಗಿದ್ರೆ ಒಂದು ಗುಟುಕು ನೀರು ಕುಡಿದು ಆಮೇಲೆ ಇಡಿ. ತಲೆ ಸಿಡಿಯೋ ಹಾಗೆ ನೋವು, ಮುಖ ಬಿಸಿ ಆಗೋದು ಸಹಜ, ನಾಳ ಹಿಗ್ಗಿದ್ದರ ಗುರುತು ಅದು. ಐದು ನಿಮಿಷಕ್ಕೆ ನೋವು ಕಡಿಮೆ ಆಗ್ಲಿಲ್ಲ ಅಂದ್ರೆ ಇನ್ನೊಂದು, ಮತ್ತೊಂದು ಅಂತ ಮನೇಲಿ ಕೂತಿರಬೇಡಿ, 108ಕ್ಕೆ ಫೋನ್ ಮಾಡಿ. ಟ್ರಾಫಿಕ್ಕಲ್ಲಿ ನೀವೇ ಗಾಡಿ ಓಡಿಸ್ಕೊಂಡು ಬರೋ ಸಾಹಸ ಬೇಡ.

ನಾಚಿಕೆ ಬಿಟ್ಟು ಹೇಳ್ತೀನಿ, ಲೈಂಗಿಕ ದೌರ್ಬಲ್ಯಕ್ಕೆ ಅಂತ ಸಿಲ್ಡೆನಾಫಿಲ್ ಥರದ ಮಾತ್ರೆ ತಗೊಂಡಿದ್ರೆ 24 ಗಂಟೆ, ಟಡಾಲಫಿಲ್ ಆದ್ರೆ 48 ಗಂಟೆ ಸಾರ್ಬಿಟ್ರೇಟ್ ಮುಟ್ಟಬಾರ್ದು. ಎರಡೂ ಸೇರಿದ್ರೆ ಬಿಪಿ ಪಾತಾಳಕ್ಕೆ ಹೋಗುತ್ತೆ. ಗಂಡಸರು ಹೆಂಡತಿ ಮಕ್ಕಳ ಎದುರು ಇದನ್ನ ಹೇಳಲ್ಲ. ಎಮರ್ಜೆನ್ಸಿಯಲ್ಲಿ ನಾವು ಪಕ್ಕಕ್ಕೆ ಕರ್ದು ಕೇಳ್ತೀವಿ, ದಯವಿಟ್ಟು ನಿಜ ಹೇಳಿ.

ಇನ್ನೊಂದು. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್‌ನಲ್ಲಿ ಹೋದ ಮೇಲೆ ಊರಿಗೆ ಊರೇ ಎದೆ ಚೆಕಪ್ಪಿಗೆ ಬಂತು. ಆಗ್ಲಿಂದ ಏನೂ ಕಾಯಿಲೆ ಇಲ್ಲದ ಎಷ್ಟೋ ಜನ ತಾವಾಗೇ ದಿನಾ ಎಕೋಸ್ಪ್ರಿನ್ ನುಂಗೋಕೆ ಶುರು ಮಾಡಿದ್ದಾರೆ. ಹಾರ್ಟ್ ಅಟ್ಯಾಕ್, ಸ್ಟೆಂಟ್, ಸ್ಟ್ರೋಕ್ ಯಾವುದೂ ಇಲ್ಲದವರಿಗೆ, ಅದ್ರಲ್ಲೂ ವಯಸ್ಸಾದವರಿಗೆ, ರಕ್ತಸ್ರಾವದ ಅಪಾಯವೇ ಮುಂದಾಗುತ್ತೆ. ಡಾಕ್ಟರ್ ಬರೆದುಕೊಡದೆ ಬೇಡ.

ಶ್ರೀನಗರದ ಮಗಳು · ಮಂಗಳವಾರ ರಾತ್ರಿ 9:20

ಎಲ್ಲರಿಗೂ ಹೇಗೆ ಧನ್ಯವಾದ ಹೇಳ್ಬೇಕೋ ಗೊತ್ತಿಲ್ಲ. ನಿನ್ನೆ ಫೋನ್ ಮಾಡಿದ್ದಕ್ಕೆ ಇವತ್ತೇ ಬರೋಕೆ ಹೇಳಿದ್ರು. ಹೋಗೋ ಮುಂಚೆ ಅಪ್ಪನ ಹತ್ರ ಕೂತು, ಕೆಮ್ಮು ಯಾವಾಗ ಶುರುವಾಯ್ತು, ತೊಡೆ ನೋವು ಯಾವ ಹೊತ್ತಲ್ಲಿ, ಯಾವತ್ತಿಂದ ಯಾವ ಮಾತ್ರೆ ಬಿಟ್ರು, ಎಲ್ಲಾ ಒಂದು ಹಾಳೇಲಿ ಅವರ ಕೈಯಲ್ಲೇ ಬರೆಸಿದೆ. ಡಾಕ್ಟರ್ ಮಾತಿಗಿಂತ ಮುಂಚೆ ಆ ಹಾಳೆ ಓದಿದ್ರು. ರಾಮಿಪ್ರಿಲ್ ತೆಗೆದು ಟೆಲ್ಮಿಸಾರ್ಟಾನ್ 20 ಬರೆದಿದ್ದಾರೆ, ಎರಡು ವಾರಕ್ಕೆ ಕ್ರಿಯಾಟಿನಿನ್, ಪೊಟ್ಯಾಸಿಯಂ ನೋಡ್ಬೇಕಂತೆ. ಸಿಕೆ, ಟಿಎಸ್‌ಎಚ್‌ಗೆ ರಕ್ತ ಕೊಟ್ಟಿದ್ದೀವಿ, ರಿಪೋರ್ಟ್ ನೋಡಿ ಸ್ಟಾಟಿನ್ ಯಾವುದು, ಎಷ್ಟು ಅಂತ ಹೇಳ್ತಾರೆ. ಅಪ್ಪ ಬೇಸರದಲ್ಲಿ ಮೆಟೋಪ್ರೊಲಾಲ್ ಕೂಡ ಯಾಕೆ, ಸುಸ್ತು ಅನ್ಸುತ್ತೆ ಅಂತ ಅಲ್ಲೇ ಕೇಳಿಬಿಟ್ರು. ನಾಡಿ 58 ಇದೆ, ತಲೆಸುತ್ತು ಇಲ್ಲದಿದ್ರೆ ಮುಂದುವರಿಸಿ, ತಟ್ಟನೆ ಮಾತ್ರ ಬಿಡಬೇಡಿ ಅಂದ್ರು. ಅದು ಯಾಕೆ ತಟ್ಟನೆ ಬಿಡಬಾರ್ದು?

ಮನೇಲಿ ಎಳನೀರು, ಕಡಿಮೆ ಸೋಡಿಯಂ ಉಪ್ಪು ಎರಡೂ ನಡೀತಿದೆ. ಅದೂ ಕೇಳೋದು ಮರೆತುಹೋಯ್ತು.

ಔಷಧಶಾಸ್ತ್ರ ಹೆಬ್ಬಾಳ · ಮಂಗಳವಾರ ರಾತ್ರಿ 10:30

ಓದಿ ಬಹಳ ಸಂತೋಷವಾಯಿತು.

ಮೆಟೋಪ್ರೊಲಾಲ್ ಬೀಟಾ ತಡೆ. ಅಡ್ರಿನಲಿನ್ ಹೃದಯದ ಮೇಲೆ ಬಂದು ಕೂರುವ ಬೀಟಾ ಗ್ರಾಹಕಗಳನ್ನು ಮುಚ್ಚಿ ಬಡಿತ ನಿಧಾನ ಮಾಡುತ್ತದೆ, ಹೃದಯಕ್ಕೆ ಬೇಕಾಗುವ ಆಮ್ಲಜನಕ ಕಡಿಮೆಯಾಗುತ್ತದೆ. ಈ ಗುಂಪನ್ನು ಕಂಡುಹಿಡಿದ ಜೇಮ್ಸ್ ಬ್ಲ್ಯಾಕ್ ಅವರಿಗೆ 1988ರಲ್ಲಿ ನೊಬೆಲ್ ಬಂತು. ಗ್ರಾಹಕಗಳು ತಿಂಗಳುಗಟ್ಟಲೆ ಮುಚ್ಚಿದ್ದರೆ ದೇಹ ಇನ್ನಷ್ಟು ಗ್ರಾಹಕಗಳನ್ನು ಹುಟ್ಟಿಸಿಕೊಳ್ಳುತ್ತದೆ. ಒಮ್ಮೆಲೇ ಮಾತ್ರೆ ನಿಲ್ಲಿಸಿದರೆ ಅವೆಲ್ಲವೂ ತೆರೆದುಕೊಂಡು ಬಡಿತ, ಬಿಪಿ ಜಿಗಿಯುತ್ತವೆ, ಎದೆನೋವು, ಹಾರ್ಟ್ ಅಟ್ಯಾಕ್ ಕೂಡ ಆಗಬಹುದು. ಬಿಡುವುದೇ ಆದರೆ ಡಾಕ್ಟರ್ ಮೆಲ್ಲಗೆ ಇಳಿಸುತ್ತಾರೆ. ಸುಸ್ತು, ಕೈಕಾಲು ತಣ್ಣಗಾಗುವುದು ಇದರಿಂದ ಬರಬಹುದು. ಅಸ್ತಮಾ ಇದ್ದವರು ಮೊದಲೇ ಹೇಳಬೇಕು. ಶುಗರ್‌ಗೆ ಇನ್ಸುಲಿನ್ ತಗೊಳ್ಳುವವರಿಗೆ ಶುಗರ್ ಇಳಿದಾಗ ಬರುವ ಎದೆಬಡಿತ, ನಡುಕ ಇದರಿಂದ ಗೊತ್ತಾಗದೇ ಹೋಗುತ್ತದೆ, ಬೆವರುವುದು ಮಾತ್ರ ಉಳಿಯುತ್ತದೆ. ಆ ಬೆವರನ್ನು ಗಮನಿಸಬೇಕು.

ಉಪ್ಪಿನ ವಿಷಯ ನಾಳೆಯೇ ಡಾಕ್ಟರಿಗೆ ತಿಳಿಸಿ. ಕಡಿಮೆ ಸೋಡಿಯಂ ಉಪ್ಪಿನಲ್ಲಿ ಸೋಡಿಯಂ ಜಾಗಕ್ಕೆ ಪೊಟ್ಯಾಸಿಯಂ ಕ್ಲೋರೈಡ್ ಹಾಕಿರುತ್ತಾರೆ. ಟೆಲ್ಮಿಸಾರ್ಟಾನ್ ಕೂಡ ಪೊಟ್ಯಾಸಿಯಂ ಉಳಿಸುತ್ತದೆ. ಕಿಡ್ನಿ ಸ್ವಲ್ಪ ನಿಧಾನವಿದ್ದರೆ ಎರಡೂ ಸೇರಿ ಮಟ್ಟ ಏರಿ ಹೃದಯದ ಲಯ ಕೆಡಬಹುದು. ಎಳನೀರಿನಲ್ಲೂ ಪೊಟ್ಯಾಸಿಯಂ ಹೇರಳ. ಎರಡು ವಾರದ ಟೆಸ್ಟ್ ಬರುವವರೆಗೂ ಮಾಮೂಲಿ ಉಪ್ಪನ್ನೇ ಕಡಿಮೆ ಹಾಕಿ ಅಡುಗೆ ಮಾಡಿ, ಎಳನೀರು ದಿನಾ ಬೇಡ.

ಮೆಡಿಕಲ್ಸ್ ವಿಜಯನಗರ · ಬುಧವಾರ ಬೆಳಿಗ್ಗೆ 7:40

ಮೇಡಂ, ಹಳೇ ರಾಮಿಪ್ರಿಲ್ ಸ್ಟ್ರಿಪ್‌ಗಳನ್ನ ಡಬ್ಬಿಯಿಂದ ಇವತ್ತೇ ತೆಗೆದುಬಿಡಿ. ಹೊಸದೂ ಹಳೇದೂ ಎರಡೂ ನುಂಗೋರು ತುಂಬಾ ಜನ. ಮತ್ತೆ ಅಪ್ಪನಿಗೆ ಮಂಡಿ ನೋವು ಅಂದ್ರೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೌಂಟರಲ್ಲಿ ಕೇಳಿ ತಗೋಬೇಡಿ. ಬಿಪಿ ಏರಿಸುತ್ತೆ, ಕಿಡ್ನಿಗೆ ಹೊಡೆತ, ಐಬುಪ್ರೊಫೆನ್ ಆಸ್ಪಿರಿನ್ ಕೆಲಸಕ್ಕೂ ಅಡ್ಡ ಬರುತ್ತೆ. ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ಪರವಾಗಿಲ್ಲ, ಅದನ್ನೂ ಡಾಕ್ಟರ್ ಹೇಳಿದಷ್ಟೇ.

ಹನುಮಂತನಗರ ಹಿರಿಯ · ಬುಧವಾರ ಬೆಳಿಗ್ಗೆ 9:05

ಸ್ಟಾಟಿನ್ ತಗೊಳ್ಳೋರು ಚಕ್ಕೋತ ತಿನ್ನಬಾರದು ಅಂತ ಯಾರೋ ಹೇಳಿದ್ರು. ನಮ್ಮ ಬೀಗರು ದೇವನಹಳ್ಳಿ ಕಡೆಯವರು, ಮನೆಗೆ ಬಂದಾಗಲೆಲ್ಲಾ ಎರಡು ಹಣ್ಣು ತರ್ತಾರೆ. ಇದು ನಿಜವಾ ಸಾರ್? ನಾನೂ ಅಟೋರ್ವಾಸ್ಟಾಟಿನ್ ಮೇಲೇ ಇರೋದು.

ಔಷಧಶಾಸ್ತ್ರ ಹೆಬ್ಬಾಳ · ಬುಧವಾರ ಮಧ್ಯಾಹ್ನ 1:15

ವಿದೇಶಗಳಲ್ಲಿ ಎಚ್ಚರಿಕೆ ಬರೆಯುವುದು ಗ್ರೇಪ್‌ಫ್ರೂಟ್ ಬಗ್ಗೆ. ಚಕ್ಕೋತ ಮತ್ತು ಕಿತ್ತಳೆ ಬೆರೆತು ಹುಟ್ಟಿದ ಹಣ್ಣು ಅದು. ಅದರಲ್ಲಿರುವ ಫ್ಯೂರಾನೊಕೌಮರಿನ್‌ಗಳು ಚಕ್ಕೋತದಲ್ಲೂ ಇವೆ. ಅವು ಕರುಳಿನ ಗೋಡೆಯಲ್ಲಿ ಔಷಧ ಒಡೆಯುವ ಕಿಣ್ವವನ್ನು ಕೆಡಿಸುತ್ತವೆ, ಅಟೋರ್ವಾಸ್ಟಾಟಿನ್, ಸಿಮ್ವಾಸ್ಟಾಟಿನ್ ರಕ್ತಕ್ಕೆ ಹೆಚ್ಚು ಸೇರುತ್ತವೆ, ಸ್ನಾಯು ನೋವಿಗೆ ದಾರಿ. ಆ ಕಿಣ್ವ ಮತ್ತೆ ಹುಟ್ಟಲು ಒಂದೆರಡು ದಿನ ಬೇಕು, ಆದ್ದರಿಂದ ಮಾತ್ರೆ ರಾತ್ರಿ, ಹಣ್ಣು ಬೆಳಿಗ್ಗೆ ಎಂದು ಅಂತರ ಬಿಟ್ಟರೆ ಸಾಲದು. ಯಾವಾಗಲೋ ಒಮ್ಮೆ ನಾಲ್ಕು ತೊಳೆ ತಿಂದರೆ ಗಾಬರಿ ಬೇಡ. ದಿನಾ ತಿನ್ನುವ, ಜ್ಯೂಸ್ ಮಾಡಿ ಕುಡಿಯುವ ಅಭ್ಯಾಸವಿದ್ದರೆ ಡಾಕ್ಟರಿಗೆ ಹೇಳಿ. ರೋಸುವಾಸ್ಟಾಟಿನ್ ಆ ಕಿಣ್ವವನ್ನು ನೆಚ್ಚಿಲ್ಲ, ಹಣ್ಣು ಬಿಡಲಾರದವರಿಗೆ ಅವರು ಅದನ್ನು ಬರೆದುಕೊಡಬಹುದು. ಆಮ್ಲೋಡಿಪಿನ್ ತಗೊಳ್ಳುವವರಿಗೆ ಇದರ ಪರಿಣಾಮ ಅಲ್ಪ. ಮೂಸಂಬಿ, ನಾಗಪುರದ ಕಿತ್ತಳೆಗೆ ಈ ನಿರ್ಬಂಧ ಇಲ್ಲ.